ಸೀರೆ ಮುಟ್ಟಿದ್ರೆ ಮಗ್ಗದ ಶಬ್ದ: ಸ್ಟೂಡೆಂಟ್ ಡಿಸೈನರ್ ಹತ್ರ ಕೆಲಸ ಮಾಡಿಸಿದ ಕಥೆ

ನಮ್ದು ಉಡುಪಿ ರಥಬೀದಿ ಹತ್ರ ಸಣ್ಣ ಸೀರೆ ಅಂಗಡಿ, ಅಪ್ಪನ ಕಾಲದ್ದು. ಉಡುಪಿ ಸೀರೆಗೆ 2016ರಲ್ಲಿ ಜಿಐ ಟ್ಯಾಗ್ (ಈ ಊರಿನದ್ದೇ ಅಂತ ಸರ್ಕಾರ ಕೊಡುವ ಗುರುತು) ಸಿಕ್ಕಿದ್ದು ಹೌದು, ಆದ್ರೆ ಕೈಮಗ್ಗಕ್ಕೂ ಪವರ್‌ಲೂಮಿಗೂ ಎಂತ ವ್ಯತ್ಯಾಸ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗ್ತಿತ್ತು. ಒಂದು ಟಚ್ ಸ್ಕ್ರೀನ್ ಇಟ್ಟು ವಿಡಿಯೋ ಹಾಕುವ ಅಂತ, ಡಿಸೈನ್ ಓದ್ತಿರುವ ಪರಿಚಯದವರ ಮಗಳ ಹತ್ರ ಕೇಳಿದೆ.

ಮೊದಲು ಪೋರ್ಟ್‌ಫೋಲಿಯೋ, ಅಂದ್ರೆ ತಾನು ಮಾಡಿದ ಕೆಲಸ ತೋರಿಸುವ ವೆಬ್‌ಸೈಟಿನ ಲಿಂಕ್ ಕಳ್ಸಿದ್ಲು. ಫೋನಿನಲ್ಲಿ ಅದು ಓಪನ್ ಆಗುವಷ್ಟರಲ್ಲಿ ಒಂದು ಚಾ ಮುಗೀತು ಮಾರಾಯ್ರೆ, ಎಂತೆಂತದೋ ಬಣ್ಣ ತಿರುಗ್ತದೆ, ಕೆಲಸ ಎಲ್ಲಿ ಉಂಟು ಅಂತ ಹುಡುಕ್ಬೇಕು. ಒಳಗೆ ಇದ್ದದ್ದು ಮಾತ್ರ ಲಾಯ್ಕ. ಚೆಂಡೆಗೆ ಮೈಕ್ ಕಟ್ಟಿ, ಪೆಟ್ಟು ಜೋರಾದ ಹಾಗೆ ಪರದೆ ಮೇಲೆ ಯಕ್ಷಗಾನದ ಕಿರೀಟ ಅರಳುವ ಪ್ರಾಜೆಕ್ಟ್ ನಾನು ನಾಲ್ಕು ಸಲ ನೋಡಿದೆ. ಸೆಂಟ್ ಮೇರೀಸ್ ದ್ವೀಪದ ಕಲ್ಲುಕಂಬದ ಆಟ ಸ್ವಲ್ಪ ಸಪ್ಪೆ.

ಎರಡು ದಿನ ಅಂಗಡಿಯಲ್ಲಿ ಸ್ಟೂಲ್ ಹಾಕ್ಕೊಂಡು ಸುಮ್ಮನೆ ಕೂತ್ಲು. ಆಮೇಲೆ "ಅಣ್ಣ, ಸ್ಕ್ರೀನ್ ಯಾರೂ ಮುಟ್ಟುದಿಲ್ಲ, ಬಂದವರೆಲ್ಲ ಮೊದಲು ಸೆರಗು ಮುಟ್ಟಿ ನೋಡ್ತಾರೆ, ಅದನ್ನೇ ಬಟನ್ ಮಾಡುವ" ಅಂದ್ಲು. ಮೂವತ್ತು ವರ್ಷ ಗಲ್ಲದಲ್ಲಿ ಕೂತ ನನಗೆ ಇದು ಹೊಳೀಲಿಲ್ಲ ನೋಡಿ.

ಈಗ ಒಂದು ಸೀರೆ ಗೋಡೆಗೆ ಹರಡಿ ಹಾಕಿದ್ದೇವೆ, ಅದರ ಹಿಂದೆ ಕರೆಂಟ್ ಹರಿಯುವ ಸ್ಟೀಲ್ ನೂಲು ಹೊಲಿದು ಆರ್ಡುಯಿನೋಗೆ ಕೊಟ್ಟಿದ್ದಾಳೆ (2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಡಿಸೈನ್ ಸ್ಟೂಡೆಂಟ್ಸ್‌ಗೇ ಅಂತ ಶುರು ಮಾಡಿದ, ಕೋಡ್ ಹಾಕಿ ಓಡಿಸುವ ಅಗ್ಗದ ಎಲೆಕ್ಟ್ರಾನಿಕ್ ಬೋರ್ಡಂತೆ). ಅಂಚು ಮುಟ್ಟಿದ್ರೆ ಟೀವಿಯಲ್ಲಿ ಲಾಳಿ ಓಡುದು ಕಾಣ್ತದೆ, ಒಡಲು ಮುಟ್ಟಿದ್ರೆ ನೂಲಿಗೆ ಗಂಜಿ ಹಾಕುದು, ಸೆರಗು ಮುಟ್ಟಿದ್ರೆ ಹಾಸು ಹೊಕ್ಕು ಹತ್ತಿರದಿಂದ. ಕನ್ನಡ ಅಕ್ಷರವೂ ಸರಿ ಉಂಟು, ಹಿಂದೆ ಒಬ್ಬರು ಮಾಡಿಕೊಟ್ಟ ಫ್ಲೆಕ್ಸಿನಲ್ಲಿ ಒತ್ತಕ್ಷರ ಕಳಚಿ "ಮಗ್ಗ" ಹೋಗಿ "ಮಗ್‌ಗ" ಆಗಿತ್ತು, ಅದೇ ಆರು ತಿಂಗಳು ನೇತಾಡಿದೆ.

ತಾಪತ್ರಯ ಶುರುವಾದದ್ದು ಜುಲೈಯಲ್ಲಿ. ಯಾರೂ ಮುಟ್ಟದೆ ಟಕ್ ಟಕ್ ಮಗ್ಗದ ಶಬ್ದ, ಅದೂ ರಾತ್ರಿ ಬಾಗಿಲು ಹಾಕಿದ ಮೇಲೆ! ಪಕ್ಕದ ಟೈಲರ್ ನಂಗೆ ಫೋನ್ ಮಾಡಿ "ಒಳಗೆ ಯಾರು ನೇಯ್ತಿದ್ದಾರೆ" ಅಂತ ಕೇಳಿದ್ರು, ಅಮ್ಮ ಅಂತೂ ದೈವಕ್ಕೆ ಹರಕೆ ಹೇಳುದೊಂದು ಬಾಕಿ. ಹತ್ತಿ ಬಟ್ಟೆ ಮಳೆಗಾಲದ ತೇವ ಹೀರಿದಾಗ, ಮುಟ್ಟಿದ್ದನ್ನು ಗುರುತಿಸುವ ಸೆನ್ಸರಿಗೆ ಅದು ಕೈ ಇಟ್ಟ ಹಾಗೇ ಕಾಣ್ತದಂತೆ. ಇಂಟರ್ನಲ್ಸ್ ಇದ್ದ ಕಾರಣ ಹುಡುಗಿ ಬರುವಾಗ ಹನ್ನೊಂದು ದಿನ, ಅಷ್ಟು ದಿನ ನಾನು ಪ್ಲಗ್ ಕಿತ್ತೇ ಇಟ್ಟಿದ್ದೆ. ಬಂದು ವಯರ್ ಗಿಡ್ಡ ಮಾಡಿ, ಆಗಾಗ ತನ್ನಷ್ಟಕ್ಕೆ ಅಳತೆ ಸರಿ ಮಾಡಿಕೊಳ್ಳುವ ಹಾಗೆ ಕೋಡ್ ಬದಲಿಸಿದ್ಲು, ಅದಕ್ಕೆ ಬೇರೆ ದುಡ್ಡು ತಗೊಳ್ಲಿಲ್ಲ. ತಗೊಳ್ಬೇಕಿತ್ತು ಅಂತ ನಂಗೆ ಅನ್ಸಿದ್ದು.

ಸಾಮಾನಿನ ಖರ್ಚು ಬಿಟ್ಟು ಹದಿನೆಂಟು ಸಾವಿರ ಕೊಟ್ಟೆ. ಅವಳ ಕೆಲಸಕ್ಕೆ ನನ್ನ ಮಾರ್ಕು ಐದಕ್ಕೆ ನಾಲ್ಕು. ಒಂದು ಕಡಿಮೆ ಯಾಕಂದ್ರೆ ಕರೆಂಟ್ ಹೋಗಿ ಬಂದಾಗ ಹೇಗೆ ಸ್ಟಾರ್ಟ್ ಮಾಡುದು ಅಂತ ಬರೆದೇ ಕೊಟ್ಟಿರಲಿಲ್ಲ, ಕೇಳಿದ ಮೇಲೆ ಟೀವಿ ಹಿಂದೆ ಚೀಟಿ ಅಂಟಿಸಿದ್ಲು. ಯಾರಿಗಾದ್ರೂ ಬೇಕಿದ್ರೆ ನಂಬರ್ ಅಂಗಡಿಗೆ ಬಂದು ಕೇಳಿ, ಅವಳನ್ನು ಕೇಳಿಯೇ ಕೊಡುದು, ಮತ್ತೆ ಪರೀಕ್ಷೆ ಯಾವಾಗ ಅಂತ ವಿಚಾರಿಸಿಯೇ ಡೇಟ್ ಫಿಕ್ಸ್ ಮಾಡಿ ಆಯ್ತಾ.