ಊರಿಂದ ಹೊತ್ಕೊಂಡ್ ಹೋಗೋದಾ, ಜರ್ಮನಿಲೇ ತಗೊಳೋದಾ?

ಚಿಕ್ಕಮಗಳೂರಿಂದ ಜರ್ಮನಿಗೆ ಹೊರಟಿರೋರು ಬೇಳೆ, ಸಾಸಿವೆ, ಇಂಗು ಅಂತ ಸೂಟ್‌ಕೇಸ್ ತುಂಬಿಸ್ಬೇಡಿ, ಅಲ್ಲಿನ ಇಂಡಿಯನ್ ಅಂಗಡಿಲಿ ಸಿಗತ್ತೆ. ಕಾಫಿಪುಡಿ ಮಾತ್ರ ಊರಿಂದಾನೇ. ಅಲ್ಲಿನ ಪುಡಿಗೆ ಸಾಮಾನ್ಯವಾಗಿ ಚಿಕೋರಿ ಬೆರೆಸಿರಲ್ಲ, ನಮ್ ಫಿಲ್ಟರಲ್ಲಿ ಸರ್ರಂತ ಇಳಿದು ಡಿಕಾಕ್ಷನ್ ತೆಳ್ಳಗಾಗತ್ತೆ, ಹಾಲು ಹಾಕಿದ್ರೆ ರುಚಿನೇ ಮಾಯ. ನಾನು 80:20 ಪುಡಿನ (80 ಪಾಲು ಕಾಫಿ, 20 ಪಾಲು ಚಿಕೋರಿ) ಕಾಲು ಕೇಜಿ ಪ್ಯಾಕೆಟ್ ಮಾಡಿಸಿ ಒಯ್ತೀನಿ, ಒಂದು ಮುಗಿಯೋವರೆಗೂ ಇನ್ನೊಂದು ಒಡೆಯಲ್ಲ, ಘಮ ಉಳಿಯತ್ತೆ.

ಅಕ್ಕಿಹಿಟ್ಟು ಏಷ್ಯನ್ ಅಂಗಡಿಲಿ ತಗೊಳ್ಳಿ, ಆದ್ರೆ ಪ್ಯಾಕೆಟ್ ಓದಿ, ನಾನು ಅಂಟಕ್ಕಿ ಹಿಟ್ಟು ತಂದು ರೊಟ್ಟಿ ತಟ್ಟೋಕ್ ಹೋಗಿ ಕಾವಲಿಗೆಲ್ಲಾ ಮೆತ್ಕೊಂಡು ಕೆರೆದು ತೆಗೆದಿದ್ದೀನಿ. ತುಪ್ಪ? ಯುರೋಪಿಯನ್ ಯೂನಿಯನ್ ಒಳಗೆ ನಮ್ ಕಡೆಯಿಂದ ಹಾಲಿನ ಪದಾರ್ಥ ತರಂಗಿಲ್ಲ, ಅಮ್ಮ ಎಷ್ಟೇ ಬಲವಂತ ಮಾಡಿದ್ರೂ ಬಿಟ್ಟೋಗಿ, ಅಲ್ಲೇ ಉಪ್ಪಿಲ್ಲದ ಬೆಣ್ಣೆ ತಂದು ಕಾಯಿಸ್ಕೊಳಿ.