ಎಬ್ರೊ ಕಣಿವೆ ಪ್ರವಾಸ: ಜಾಗ ಸೊಗಸು, ಏರ್ಪಾಡು ಸಾಧಾರಣ

ತುಮಕೂರಿನ ಪ್ರವಾಸ ಸಂಸ್ಥೆಯೊಂದು ಏರ್ಪಡಿಸಿದ್ದ ಸ್ಪೇನ್ ಪ್ರವಾಸದಲ್ಲಿ ಬಾರ್ಸಿಲೋನಾಕ್ಕಿಂತ ಹೆಚ್ಚು ಹಿಡಿಸಿದ್ದು, ಸುಮಾರು 930 ಕಿ.ಮೀ. ಹರಿದು ಮೆಡಿಟರೇನಿಯನ್ ಸೇರುವ ಎಬ್ರೊ ನದಿಯ ಕೆಳಕಣಿವೆ. ಮಿರವೆಟ್ ಎಂಬ ಪುಟ್ಟ ಊರಿನಲ್ಲಿ, 1153ರಲ್ಲಿ ಅರಬರ ಕೈತಪ್ಪಿ ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರ ಪಾಲಾದ ಕೋಟೆ ನದಿಯ ಮೇಲೆಯೇ ಬಾಗಿದಂತೆ ನಿಂತಿದೆ. ಅದರ ಬುಡದಲ್ಲಿ ಕಾರುಗಳನ್ನೂ ದಾಟಿಸುವ ದೋಣಿಗೆ ಇಂಜಿನ್ನೇ ಇಲ್ಲ. ದಡದಿಂದ ದಡಕ್ಕೆ ಬಿಗಿದ ಉಕ್ಕಿನ ಹಗ್ಗದ ಆಸರೆಯಲ್ಲಿ ಅಂಬಿಗನು ಅದನ್ನು ತುಸು ಓರೆಯಾಗಿ ತಿರುಗಿಸಿದರೆ ಸಾಕು, ಹರಿವಿನ ಒತ್ತಡವೇ ಅದನ್ನು ಆಚೆ ದಡ ಮುಟ್ಟಿಸುತ್ತದೆ. ನಮ್ಮ ಹಿರಿಯರಂತೂ ಇದನ್ನು ನೋಡಲೆಂದೇ ಮತ್ತೊಮ್ಮೆ ದಾಟಿಬಂದರು.

ಸ್ಪೇನಿನ ಅಂತರ್ಯುದ್ಧದ ವೇಳೆ ನಡೆದ 1938ರ ಎಬ್ರೊ ಕದನದಲ್ಲಿ ನೆಲಸಮವಾಗಿ, ಸ್ಮಾರಕವಾಗಿ ಹಾಗೆಯೇ ಉಳಿಸಿಕೊಂಡಿರುವ ಕೊರ್ಬೆರಾದ ಹಳೆಯ ಊರಿಗೆ ಅರ್ಧ ಗಂಟೆಯನ್ನಷ್ಟೇ ಕೊಟ್ಟು, ಮಾಲ್ ಒಂದರಲ್ಲಿ ಇಡೀ ಮಧ್ಯಾಹ್ನ ಕಳೆಸಿದ್ದು ಮಾತ್ರ ಅಕ್ಷಮ್ಯ. ನದೀಮುಖಜ ಭೂಮಿಯ ಭತ್ತದ ಗದ್ದೆಗಳು ಕಣ್ಣಿಗೆ ಹಬ್ಬ. ಆದರೆ ಅಲ್ಲಿನ ಅನ್ನದ ಖಾದ್ಯ ಪಾಯೆಯಾವನ್ನು ಹಲವೆಡೆ ಮೀನಿನ ಸಾರಿನಲ್ಲಿ ಬೇಯಿಸುವುದರಿಂದ, ಸಸ್ಯಾಹಾರಿಗಳು ಮುಂಗಡ ಕಟ್ಟುವ ಮೊದಲೇ ಊಟದ ವಿಚಾರವನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.