ಮಡಚುವ ಏರ್ ಗನ್ ಕೊಳ್ಳುವವರೇ, ಮೊದಲು ಕೀಲು ನೋಡಿ

ಬೆಂಗಳೂರಿನಲ್ಲೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ, ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಮಡಚುವ 4.5 ಮಿಮೀ ಪಿಸಿಪಿ ಕಾರ್ಬೈನ್ ಒಂದನ್ನು, ಅಂದರೆ ಸಿಲಿಂಡರಿನಲ್ಲಿ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಪೆಲೆಟ್ (ಸಣ್ಣ ಗುಂಡು) ಹಾರಿಸುವ ಗಿಡ್ಡ ಏರ್ ಗನ್ನನ್ನು, ಮೂರು ದಿನ ತಪಾಸಣೆ ಮಾಡಿದಾಗ ಸಿಕ್ಕ ದೋಷಗಳ ವಿವರ ಇದು. ಜಾಹೀರಾತಿನಲ್ಲಿ ‘ಹೊಸದರ ಹಾಗೇ ಇದೆ’ ಅಂತ ಇತ್ತು. ಬಣ್ಣ, ಬ್ಯಾರೆಲ್‌ನ ಹೊಳಪು ಹೊಸದರ ಹಾಗೇ ಇದ್ದದ್ದೂ ನಿಜ. ಆದರೆ ಗನ್ ವಾಪಸ್ ಹೋಯಿತು, ಕೊಟ್ಟ 15,000 ರೂಪಾಯಿ ಮುಂಗಡ ವಾಪಸ್ ಬರಲಿಲ್ಲ. ಮಾರಿದವರು ಯಾರು ಅನ್ನುವುದು ಇಲ್ಲಿ ಬೇಡ. ಅವರ ಜಾಗದಲ್ಲಿ ನಾಳೆ ಇನ್ನೊಬ್ಬರು ಇರುತ್ತಾರೆ, ಗನ್ನಿನ ದೋಷಗಳು ಮಾತ್ರ ಇವೇ ಇರುತ್ತವೆ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ವಿಡಿಯೋಗಳಲ್ಲಿ ಕಾಣುವ ಮಡಚುವ ಕಾರ್ಬೈನ್‌ಗಳು, ಉದಾಹರಣೆಗೆ ಅಮೆರಿಕದ ಕೆಲ್-ಟೆಕ್ ಸಬ್-2000, ಪಿಸ್ತೂಲಿನ 9 ಮಿಮೀ ಗುಂಡು ಹಾರಿಸುವಂಥವು. ಮಡಚಿದರೆ ಅದರ ಉದ್ದ ಸುಮಾರು 16 ಇಂಚು. ನಮ್ಮಲ್ಲಿ 9 ಮಿಮೀ ನಿಷಿದ್ಧ ಬೋರ್ (ಬೋರ್ ಅಂದರೆ ಬ್ಯಾರೆಲ್ ಒಳಗಿನ ಅಡ್ಡಳತೆ). ಅದನ್ನು ‘ಕೊಡಿಸುತ್ತೇವೆ’ ಎಂದು ಟೆಲಿಗ್ರಾಂನಲ್ಲಿ ಯಾರಾದರೂ ಮಾತಿಗಿಳಿದರೆ ಒಂದೋ ಅದು ಮೋಸ, ಇಲ್ಲವೇ ಜೈಲಿನ ದಾರಿ. 2019ರ ತಿದ್ದುಪಡಿಯ ನಂತರ ಆಯುಧ ಕಾಯ್ದೆಯಡಿ ನಿಷಿದ್ಧ ಬಂದೂಕು ಇಟ್ಟುಕೊಂಡವರಿಗೆ ಕನಿಷ್ಠ ಶಿಕ್ಷೆಯೇ 7 ವರ್ಷ. ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು ಗಾಳಿಯಿಂದ ಪೆಲೆಟ್ ಹಾರಿಸುವ ಏರ್ ಗನ್ ಮಾತ್ರ, ಅದೂ 2016ರ ಆಯುಧ ನಿಯಮಗಳ ಮಿತಿಯೊಳಗೆ. ಬೋರ್ 4.5 ಮಿಮೀ ಮೀರಬಾರದು, ಮೂತಿಯಲ್ಲಿ ಶಕ್ತಿ 20 ಜೂಲ್ ಮೀರಬಾರದು. ಎರಡರಲ್ಲಿ ಒಂದು ಮೀರಿದರೂ ಪರವಾನಗಿ ಬೇಕು. ಹಾಗಾಗಿ 5.5 ಮಿಮೀ ಏರ್ ರೈಫಲ್ ಎಷ್ಟೇ ದುರ್ಬಲವಾಗಿದ್ದರೂ ಲೈಸೆನ್ಸ್ ಇಲ್ಲದೆ ಮುಟ್ಟಬೇಡಿ. ನಗರದಲ್ಲಿ ಆ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು.

ಈ ಗನ್ ಮೊದಲು ಎಡವಿದ್ದೇ 20 ಜೂಲ್‌ನಲ್ಲಿ. ಮಾರುವವರು ಕ್ರೋನೋಗ್ರಾಫ್ (ಪೆಲೆಟ್ ವೇಗ ಅಳೆಯುವ ಸಾಧನ) ಇಟ್ಟು ತೋರಿಸಿದ ವೇಗ ಸೆಕೆಂಡಿಗೆ 290 ಮೀಟರ್, ಬಳಸಿದ ಪೆಲೆಟ್ 0.45 ಗ್ರಾಂನದು. ತೂಕವನ್ನು ಕಿಲೋಗ್ರಾಂಗೆ ತಂದು, ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿದರೆ ಶಕ್ತಿ ಸಿಗುತ್ತದೆ. ಲೆಕ್ಕ ಸುಮಾರು 18.9 ಜೂಲ್ ಬಂತು, ಮಿತಿಯೊಳಗೇ ಇದೆ ಅನ್ನಿಸಿತು. ಆದರೆ ಪಿಸಿಪಿಯ ಸ್ವಭಾವ ಸ್ಪ್ರಿಂಗ್ ಗನ್ನಿನ ಹಾಗಲ್ಲ. ಪೆಲೆಟ್ ಭಾರವಾದಷ್ಟೂ ಅದು ಬ್ಯಾರೆಲ್‌ನೊಳಗೆ ಹೆಚ್ಚು ಹೊತ್ತು ಇರುತ್ತದೆ, ಗಾಳಿ ಅದನ್ನು ಹೆಚ್ಚು ಹೊತ್ತು ತಳ್ಳುತ್ತದೆ, ಶಕ್ತಿ ಏರುತ್ತದೆ. ಅದೇ ಗನ್ನಿಗೆ 0.67 ಗ್ರಾಂ ಪೆಲೆಟ್ ಹಾಕಿದಾಗ ವೇಗ 258ಕ್ಕೆ ಇಳಿಯಿತು, ಶಕ್ತಿ ಮಾತ್ರ 22.3 ಜೂಲ್ ತೋರಿಸಿತು. ಗಾಳಿಯ ವಾಲ್ವ್ ಬಡಿದು ತೆರೆಯುವ ಹ್ಯಾಮರ್ ಸ್ಪ್ರಿಂಗ್‌ನ ಸ್ಕ್ರೂ ತಲೆಯಲ್ಲಿ ಅಲೆನ್ ಕೀ ಜಾರಿದ ಗೀರು ಇತ್ತು. ಶಕ್ತಿ ಏರಿಸಲು ಯಾರೋ ಬಿಗಿ ಮಾಡಿದ್ದಾರೆ. ಲೈಸೆನ್ಸ್ ಇಲ್ಲದೆ ಇದನ್ನು ಕೊಂಡವರು ಗೊತ್ತಿಲ್ಲದೆಯೇ ಅಪರಾಧಿ ಆಗುತ್ತಿದ್ದರು. ಆದ್ದರಿಂದ ಮಾರುವವರ ಪೆಲೆಟ್ ನಂಬಬೇಡಿ. 0.67 ಗ್ರಾಂನ ಒಂದು ಡಬ್ಬಿ ನೀವೇ ಒಯ್ಯಿರಿ, ಹತ್ತು ಸಲ ಹಾರಿಸಿ, ಹತ್ತರಲ್ಲಿ ಅತಿ ಹೆಚ್ಚಿನ ವೇಗವನ್ನು ಲೆಕ್ಕಕ್ಕೆ ಹಿಡಿಯಿರಿ. ಆ ತೂಕಕ್ಕೆ 244 ಮೀಟರ್ ಮುಟ್ಟಿದರೆ ಅಲ್ಲೇ 20 ಜೂಲ್ ಆಯಿತು. 0.547 ಗ್ರಾಂ ಪೆಲೆಟ್ ಆದರೆ ಗೆರೆ 270 ಮೀಟರ್.

ಈಗ ಕೀಲಿನ ವಿಷಯ. ಮಡಚುವ ಗನ್ ಅಂದರೆ ಕೀಲೇ. ಅದು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ.

ಕೈಯಲ್ಲಿ ಹಿಡಿದಾಗ ಗಟ್ಟಿಯಾಗೇ ಇತ್ತು. ಎಲ್ಲರೂ ಮೋಸ ಹೋಗುವುದು ಇಲ್ಲೇ, ಭುಜಕ್ಕೆ ಒತ್ತಿ ಹಿಡಿದಾಗ ಸಡಿಲ ತಿಳಿಯುವುದಿಲ್ಲ. ರಿಸೀವರ್ (ಗನ್ನಿನ ನಡುವಿನ ಮುಖ್ಯ ಭಾಗ) ಅನ್ನು ಮೇಜಿಗೆ ಮೆತ್ತಗಿನ ದವಡೆಯ ವೈಸ್‌ನಲ್ಲಿ ಕಟ್ಟಿ, ಸ್ಟಾಕ್ ಬಿಚ್ಚಿ ಲಾಕ್ ಮಾಡಿ, ತುದಿಯನ್ನು ಒಂದು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ನಿಲ್ಲಿಸಿ ಎಷ್ಟು ಆಡುತ್ತದೆ ನೋಡಿ. ಈ ಗನ್ನಿನಲ್ಲಿ ಕೀಲಿನಿಂದ 250 ಮಿಮೀ ದೂರದ ತುದಿ ಸುಮಾರು 3 ಮಿಮೀ ಆಡುತ್ತಿತ್ತು. ಕಾರಣ ಪಿನ್ ಹೊರತೆಗೆದಾಗ ಸಿಕ್ಕಿತು. ಕಂಪನಿಯ ಉಕ್ಕಿನ ಕೀಲು ತೆಗೆದು, ಲೇತ್‌ನಲ್ಲಿ ಮಾಡಿಸಿದ ಅಲ್ಯೂಮಿನಿಯಂ ಕೀಲು ಕೂರಿಸಿದ್ದರು. 6 ಮಿಮೀ ಉಕ್ಕಿನ ಪಿನ್ನು, ಸವೆದು 6.2 ಮಿಮೀ ಆದ ಮೆತ್ತನೆ ತೂತು, ಕೀಲಿನ ಎತ್ತರ 35 ಮಿಮೀ. ಬುಷ್ (ತೂತು ಸವೆಯದಂತೆ ಒಳಗೆ ಕೂರಿಸುವ ಬಳೆ) ಇಲ್ಲ. ಕಣ್ಣಿಗೆ ಕಾಣದ 0.2 ಮಿಮೀ ಸಡಿಲದಲ್ಲಿ ಪಿನ್ನು ಎರಡೂ ಕಡೆ ವಾಲಿ, ತುದಿಯಲ್ಲಿ 3 ಮಿಮೀ ಆಗುತ್ತದೆ. ತುದಿಯಲ್ಲಿ 0.5 ಮಿಮೀವರೆಗೆ ಆಡಿದರೆ ಒಪ್ಪಬಹುದು, 1 ಮಿಮೀ ದಾಟಿದರೆ ಬೆಲೆ ಮಾತಾಡುವುದನ್ನೇ ನಿಲ್ಲಿಸಿ ಅನ್ನುವುದು ನಮ್ಮ ಲೆಕ್ಕ.

‘ಸ್ಕೋಪು, ಬ್ಯಾರೆಲ್ಲು ಎರಡೂ ಕೀಲಿನ ಮುಂದೆಯೇ ಇವೆ, ಸ್ಟಾಕ್ ಆಡಿದರೆ ಗುರಿಗೆ ಏನಾಗುತ್ತೆ?’ ಎಂದು ಮಾರುವವರು ಕೇಳುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಆದರೆ ತಪ್ಪು. ಸ್ಟಾಕ್ ಆಡಿದರೆ ಅದರ ಮೇಲೆ ಇಟ್ಟ ಕೆನ್ನೆ ಆಡುತ್ತದೆ, ಕೆನ್ನೆಯ ಜೊತೆ ಕಣ್ಣು ಆಡುತ್ತದೆ. ಕೆನ್ನೆ ಕೂರುವ ಜಾಗ ಕೀಲಿನಿಂದ 140 ಮಿಮೀ ದೂರ, ಅಲ್ಲಿ ಅಲುಗಾಟ 1.6 ಮಿಮೀ. ಇದರ ಮೇಲೆ ಕೂರಿಸಿದ್ದ ಸ್ಕೋಪು 4 ಪಟ್ಟು, 32 ಮಿಮೀ ಗಾಜಿನದು, ಪ್ಯಾರಲ್ಯಾಕ್ಸ್ 100 ಗಜಕ್ಕೆ ಕಟ್ಟಿದ್ದು (ಕಣ್ಣು ಸರಿದರೂ ಗುರಿ ತಪ್ಪದಿರುವುದು ಆ ದೂರದಲ್ಲಿ ಮಾತ್ರ). ಅಂದರೆ ದೂರದ ಗುರಿಗೆ ಮದ್ದಿನ ಗುಂಡು ಹಾರಿಸುವ ಸೆಂಟರ್ ಫೈರ್ ರೈಫಲ್‌ಗೆ ಮಾಡಿದ ಸ್ಕೋಪು. ಅದರಲ್ಲಿ 10 ಮೀಟರ್ ದೂರದ ಗುರಿ ನೋಡುವಾಗ ಕಣ್ಣು ಸ್ಕೋಪಿನಿಂದ ಬರುವ ಬೆಳಕಿನ ವೃತ್ತದ ಅಂಚಿಗೆ ಸರಿದರೆ ಗುರಿ 14 ಮಿಮೀವರೆಗೆ ತಪ್ಪಬಹುದು. ವೃತ್ತದ ಅಡ್ಡಳತೆ 32 ಭಾಗ 4, ಅಂದರೆ 8 ಮಿಮೀ. ನಡುವಿನಿಂದ ಅಂಚಿಗೆ 4 ಮಿಮೀ. ಅದರಲ್ಲಿ ಕಣ್ಣು 1.6 ಮಿಮೀ ಸರಿದರೆ ಗುಂಡು ಬೀಳುವ ಜಾಗ ಸುಮಾರು 6 ಮಿಮೀ ಬದಲಾಗುತ್ತದೆ. 10 ಮೀಟರ್ ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯೇ ಅರ್ಧ ಮಿಲಿಮೀಟರ್ ಅನ್ನುವುದನ್ನು ನೆನಪಿಡಿ.

ಇಷ್ಟಕ್ಕೇ ಮುಗಿಯಲಿಲ್ಲ. ಮಡಚಿ ಬಿಚ್ಚಿದ ಮೇಲೆ ಪೆಲೆಟ್‌ಗಳು ಬೀಳುವ ಗುಂಪು 6 ಅಲ್ಲ, 12 ಮಿಮೀ ಸರಿಯುತ್ತಿತ್ತು, ಅದೂ ಯಾವಾಗಲೂ ಎಡಕ್ಕೆ. ಕಣ್ಣಿನ ತಪ್ಪೊಂದೇ ಆಗಿದ್ದರೆ ಸುತ್ತಮುತ್ತ ಚೆದುರಬೇಕು, ಒಂದೇ ಕಡೆ ಸರಿಯುವುದಿಲ್ಲ. ಇದನ್ನು ಬಿಡಿಸಿ ನೋಡಲು ಒಂದು ಕ್ರಮ ಇದೆ, ಯಾವ ಮಡಚುವ ಗನ್ನಿಗೂ ಹೊಂದುತ್ತದೆ. ಗನ್ನನ್ನು ಮೇಜಿನ ವೈಸ್‌ನಲ್ಲಿ ಕಟ್ಟಿ, 10 ಮೀಟರ್‌ನಲ್ಲಿ ಐದು ಪೆಲೆಟ್ ಹಾರಿಸಿ. ವೈಸ್‌ನಿಂದ ತೆಗೆಯದೆಯೇ ಸ್ಟಾಕ್ ಮಡಚಿ, ಬಿಚ್ಚಿ, ಮತ್ತೆ ಐದು ಹಾರಿಸಿ. ಹೀಗೆ ಮೂರು ಸಲ. ವೈಸ್‌ನಲ್ಲಿ ಗುಂಪು ಸರಿಯದೆ, ಭುಜಕ್ಕಿಟ್ಟು ಹಾರಿಸಿದಾಗ ಮಾತ್ರ ಸರಿದರೆ ದೋಷ ಕೀಲಿನದು, ಕಣ್ಣಿನದು, ಇಲ್ಲವೇ ಸ್ಕೋಪು ಮೌಂಟ್‌ನದು. ವೈಸ್‌ನಲ್ಲೇ ಸರಿದರೆ ದೋಷ ಬ್ಯಾರೆಲ್‌ನದು. ಇಲ್ಲಿ ವೈಸ್‌ನಲ್ಲೇ ಸರಿಯಿತು, 12ರಲ್ಲಿ 6 ಮಿಮೀ. ಮೌಂಟ್ ಬಿಗಿಯಾಗಿತ್ತು. ಮಡಚಿದ ಸ್ಟಾಕಿನ ತುದಿ ಎಲ್ಲಿ ಕೂರುತ್ತದೆ ನೋಡಿದರೆ ಬ್ಯಾರೆಲ್‌ಗೆ ಹೊದಿಸಿದ ಕೊಳವೆಯ ಪಕ್ಕಕ್ಕೆ ಒತ್ತಿಕೊಂಡಿತ್ತು, ಅಲ್ಲಿ ಬಣ್ಣ ಸವೆದ ಚಂದ್ರಾಕಾರದ ಗುರುತು. ಬ್ಯಾರೆಲ್ ಅನ್ನು ಗಾಳಿ ಸಿಲಿಂಡರಿಗೆ ಹಿಡಿದಿಡುವ ಪಟ್ಟಿಯ ಗ್ರಬ್ ಸ್ಕ್ರೂ ಒಂದು ಸಡಿಲ. ಬ್ಯಾರೆಲ್ ಉದ್ದ 450 ಮಿಮೀ. ಮೂತಿ ಬರೀ 0.3 ಮಿಮೀ ಸರಿದರೆ ಸಾಕು, 10 ಮೀಟರ್‌ನಲ್ಲಿ ಹತ್ತಿರ ಹತ್ತಿರ 7 ಮಿಮೀ ಆಗುತ್ತದೆ. ಬ್ಯಾಗಿನಲ್ಲಿ ಹಾಕಿ ಬೈಕಿನ ಬೆನ್ನಿಗೆ ಕಟ್ಟಿಕೊಂಡು ನಮ್ಮ ರಸ್ತೆಗಳ ಗುಂಡಿ ದಾಟಿದರೆ ಪ್ರತಿ ಕುಲುಕಾಟವೂ ಸ್ಟಾಕಿನ ಮೂಲಕ ಬ್ಯಾರೆಲ್ಲಿಗೇ ಹೋಗುತ್ತದೆ. ಮಡಚಿದ ಸ್ಟಾಕಿಗೂ ಬ್ಯಾರೆಲ್ಲಿಗೂ ನಡುವೆ ಒಂದು ಎಟಿಎಂ ಕಾರ್ಡಾದರೂ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಆ ವಿನ್ಯಾಸವೇ ಬೇಡ.

ಕೀಲನ್ನು ರಿಪೇರಿ ಮಾಡಿಸಬಹುದೇ ಅಂದರೆ, ಮಾಡಿಸಬಹುದು. ಪೀಣ್ಯದಲ್ಲಿ ಒಳ್ಳೆಯ ಲೇತ್ ಕೆಲಸದವರು ತೂತನ್ನು 8 ಮಿಮೀಗೆ ಹಿಗ್ಗಿಸಿ, ಗನ್‌ಮೆಟಲ್ ಬುಷ್ ಒತ್ತಿ, ಅದರೊಳಗೆ ಪಿನ್ನಿಗೆ ಸರಿಯಾಗಿ ರೀಮರ್ ಹಾಕಿ ಕೊಡುತ್ತಾರೆ. ಸ್ಟಾಕನ್ನು ಮಾತ್ರ ಬಿಚ್ಚಿ ಒಯ್ಯಿರಿ, ಪೂರ್ತಿ ಗನ್ ಹೊತ್ತು ಅಂಗಡಿ ಅಂಗಡಿ ಅಲೆಯಬೇಡಿ. ಆದರೆ ಆ ಖರ್ಚನ್ನು ಬೆಲೆಯಲ್ಲಿ ಮೊದಲೇ ಕಳೆಯಬೇಕು. ‘ಸಣ್ಣ ಕೆಲಸ ಸಾರ್, ಟೈಟ್ ಮಾಡಿದ್ರೆ ಆಯ್ತು’ ಅನ್ನುವ ಮಾತಿಗೆ ತಲೆಯಾಡಿಸಬೇಡಿ. ಸವೆದ ತೂತಿಗೆ ಬೋಲ್ಟ್ ಬಿಗಿ ಮಾಡಿದರೆ ಒಂದು ವಾರ ಗಟ್ಟಿ ಇರುತ್ತದೆ, ಆಮೇಲೆ ಪಿನ್ ಹಿಡಿಯುವ ಕೀಲಿನ ಕಿವಿ ಬಿರಿಯುತ್ತದೆ.

ಗಾಳಿ ಸೋರುವುದರ ಬಗ್ಗೆ. 200 ಬಾರ್ ತುಂಬಿದ ತಕ್ಷಣ ಸಿಲಿಂಡರ್ ಬೆಚ್ಚಗಿರುತ್ತದೆ, ತಣಿಯುವಾಗ ಗೇಜಿನ ಮುಳ್ಳು ತಾನಾಗಿ ಕೆಳಗೆ ಬರುತ್ತದೆ. 40 ಡಿಗ್ರಿಯಿಂದ 22ಕ್ಕೆ ಇಳಿದರೆ 188ರ ಹತ್ತಿರ ನಿಲ್ಲಬೇಕು, ಅದು ಸೋರಿಕೆಯಲ್ಲ. ಒಂದು ಗಂಟೆ ಬಿಟ್ಟು ಓದಿದ ಅಂಕೆಯನ್ನೇ ಬರೆದಿಟ್ಟು, 24 ಗಂಟೆ ಆದ ಮೇಲೆ ಹೋಲಿಸಿ. ಮೂರು ಡಿಗ್ರಿ ಚಳಿಗೆ 2 ಬಾರ್ ಲೆಕ್ಕ ಬಿಡಿ. ಈ ಗನ್ 188ರಿಂದ 150ಕ್ಕೆ ಬಂತು. ಜೋಡಣೆಗಳಿಗೆ ಸೋಪು ನೀರು ಹಚ್ಚಿದಾಗ ಗುಳ್ಳೆ ಬಂದದ್ದು ಗೇಜಿನ ಬುಡದಲ್ಲಿ, ಅಲ್ಲಿ ಮೆತ್ತನೆಯ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಹಾಕಿದ್ದರು. ಇಷ್ಟು ಒತ್ತಡದಲ್ಲಿ ಶೋರ್ ಅಳತೆಯಲ್ಲಿ 70 ಗಡಸುತನದ ರಬ್ಬರು ಸಂದಿಗೆ ಹಿಂಡಿಕೊಂಡು ಹರಿಯುತ್ತದೆ, 90ರದು ಬೇಕು. ಎಲ್ಲೂ ಗುಳ್ಳೆ ಬರದೆ ಒತ್ತಡ ಇಳಿಯುತ್ತಿದ್ದರೆ ವಾಲ್ವ್ ಸೀಟು ನೋಡಬೇಕು, ಅದು ಹೆಚ್ಚಿನ ಖರ್ಚು.

ಓ-ರಿಂಗಿಗೆ ಜಿಡ್ಡು ಹಚ್ಚುವಾಗ ಸಿಲಿಕೋನ್ ಗ್ರೀಸ್ ಮಾತ್ರ. ಯಂತ್ರದ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ, ಸ್ಪ್ರೇ ಯಾವುದನ್ನೂ ತುಂಬುವ ಕಡೆ ಬಿಡಬೇಡಿ. ರಭಸವಾಗಿ ಒತ್ತಿದ ಗಾಳಿ ಬಿಸಿಯಾಗಿ ಡೀಸೆಲ್ ಇಂಜಿನ್ನಿನ ಹಾಗೆ ಆ ಎಣ್ಣೆ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ಒಡೆದರೆ ನಿಮ್ಮ ಮುಖ ಇರುವುದು ಅದರಿಂದ ಒಂದು ಗೇಣು ದೂರದಲ್ಲಿ. ಮಾರುವವರು ಯಾವ ಎಣ್ಣೆ ಹಾಕುತ್ತಿದ್ದರು ಎಂದು ಕೇಳಿ, ಗಾಳಿ ತುಂಬುವ ಫಿಲ್ ಪೋರ್ಟಿಗೆ ಬಿಳಿ ಬಟ್ಟೆ ಒತ್ತಿ ಮೂಸಿ ನೋಡಿ.

ಕೈ ಪಂಪಿನವರಿಗೆ ಇನ್ನೊಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಹತ್ತರಲ್ಲಿ ಒಂದು ಭಾಗ ತೆಳು. ಕೈಪಿಡಿಯಲ್ಲಿ ನೂರು ಸಲ ಒತ್ತಿ ಅಂದಿದ್ದರೆ ಇಲ್ಲಿ ನೂರಾ ಹತ್ತು ಬೇಕಾಗುತ್ತದೆ. ಪಂಪ್ ಕೆಟ್ಟಿದೆ ಎಂದು ಗಾಬರಿ ಬೇಡ. ಮಳೆಗಾಲದಲ್ಲಿ ತೇವ ಹಿಡಿಯುವ ಫಿಲ್ಟರ್ ಇಲ್ಲದೆ ತುಂಬಿದರೆ ಸಿಲಿಂಡರ್‌ನೊಳಗೆ ನೀರು ಕೂರುತ್ತದೆ.

ಮ್ಯಾಗಜಿನ್ ಪರೀಕ್ಷೆ ಚಿಕ್ಕದು. ಲಿವರ್ ಎಳೆದು ಒತ್ತಿ, ಹಾರಿಸದೆ ಮತ್ತೆ ಎಳೆದು ಒತ್ತಿದರೆ ಎರಡನೇ ಪೆಲೆಟ್ ಒಳಗೆ ಹೋಗುತ್ತದೆಯೇ ನೋಡಿ. ಈ ಗನ್ನಿನಲ್ಲಿ ಹೋಗುತ್ತಿತ್ತು. ಎರಡು ಪೆಲೆಟ್ ಸಿಕ್ಕಿಕೊಂಡರೆ ಬ್ಯಾರೆಲ್ ಕಟ್ಟಿಕೊಂಡ ಹಾಗೆ. ಮ್ಯಾಗಜಿನ್ ತೆಗೆದರೂ ಬ್ಯಾರೆಲ್‌ನೊಳಗಿನ ಪೆಲೆಟ್ ಹೊರಗೆ ಬರುವುದಿಲ್ಲ, ಮೂತಿಯಿಂದ ಇಣುಕಿ ನೋಡುವ ಅಭ್ಯಾಸ ಯಾವ ಕಾರಣಕ್ಕೂ ಬೇಡ. ಗುರಿಯ ಹಿಂದೆ ಹಳೇ ಪೇಪರ್ ಬಿಗಿದು ತುಂಬಿದ ಪೆಟ್ಟಿಗೆ, ಅದರ ಹಿಂದೆ 18 ಮಿಮೀ ಪ್ಲೈವುಡ್, ಕಣ್ಣಿಗೆ ಪಾಲಿಕಾರ್ಬೋನೇಟ್ ಕನ್ನಡಕ. ತಾರಸಿಯ ಮೇಲೆ ಬೇಡ. ಪಕ್ಕದ ಮನೆಯ ಕಿಟಕಿ ಎಷ್ಟು ಹತ್ತಿರ ಅನ್ನುವುದು ನಮಗೆಲ್ಲ ಗೊತ್ತು.

ಮಡಚಿದ ಗನ್ ಚೀಲದಲ್ಲಿ ಸಲೀಸಾಗಿ ಕೂರುತ್ತದೆ, ಅದಕ್ಕೇ ಹೆಚ್ಚು ಜಾಗ್ರತೆ ಬೇಕು. ನೋಡುವವರಿಗೆ ಅದು ಗಾಳಿ ಗನ್ನಲ್ಲ, ನಿಜವಾದ ಕಾರ್ಬೈನೇ. ಮೆಟ್ರೋದಲ್ಲಿ ಒಯ್ಯಬೇಡಿ, ಕಾರಿನ ಹಿಂದಿನ ಸೀಟಿನಲ್ಲಿ ತೆರೆದಿಡಬೇಡಿ. ಪೆಟ್ಟಿಗೆಯಲ್ಲಿ ಬೀಗ ಹಾಕಿ, ಪೆಲೆಟ್ ಬೇರೆ ಇಟ್ಟು, ಬಿಲ್ಲಿನ ಪ್ರತಿ ಜೊತೆಗಿರಲಿ.

ಬಿಲ್ಲು ಕೇಳಿದಾಗ ‘ಎಲ್ಲೋ ಇದೆ, ಹುಡುಕಿ ಕಳಿಸ್ತೀನಿ’ ಅಂದಿದ್ದರು. ಬಿಲ್ಲಿನ ಮೇಲಿರುವ ನಂಬರನ್ನು ಗನ್ನಿನ ಮೇಲಿರುವ ನಂಬರಿನ ಜೊತೆ ಕಣ್ಣಾರೆ ತಾಳೆ ನೋಡುವ ತನಕ ಒಂದು ರೂಪಾಯಿಯೂ ಕಳಿಸಬಾರದಿತ್ತು. ಆ ಬಿಲ್ಲು ಇವತ್ತಿಗೂ ಬಂದಿಲ್ಲ. ಗನ್ ಮತ್ತೆ ಮಾರಾಟಕ್ಕಿದೆ, ಅದೇ ಫೋಟೋ, ಸ್ಟಾಕ್ ಮಡಚಿದ ಭಂಗಿ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಬ್ಯಾರೆಲ್ ಪಕ್ಕದಲ್ಲಿ ಆ ಚಂದ್ರಾಕಾರದ ಗುರುತು ಕಾಣುತ್ತದೆ.